ಕಬ್ಬಿನ ದುಡ್ಡಿಗೆ ವೀಸಾ ಕಚೇರಿ ಕೇಳುವ ಲೆಕ್ಕ

ಪಾಂಡವಪುರದ ಕಡೆಯ ಯಾವುದಾದರೂ ರೈತರ ಮನೆಯ ಬ್ಯಾಂಕ್ ಪಾಸ್‌ಬುಕ್ ತೆರೆದು ನೋಡಿ. ತಿಂಗಳುಗಟ್ಟಲೆ ಅಲ್ಲಿ ಹೇಳಿಕೊಳ್ಳುವಂಥದ್ದೇನೂ ಇರುವುದಿಲ್ಲ. ಪಿಎಂ ಕಿಸಾನ್‌ನ ಎರಡು ಸಾವಿರ, ಎಟಿಎಂನಿಂದ ತೆಗೆದ ಐನೂರು, ಸಾವಿರ, ನಡುವೆ ಒಂದು ವಿಮೆ ಕಂತು. ಆಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಸಕ್ಕರೆ ಕಾರ್ಖಾನೆಯಿಂದ ಮೂರೋ ನಾಲ್ಕೋ ಲಕ್ಷ ಜಮೆ. ವಾರ ಕಳೆಯುವುದರೊಳಗೆ ಅದರಲ್ಲಿ ಬಹುಪಾಲು ಖಾಲಿ. ಸೊಸೈಟಿ ಸಾಲ, ಗೊಬ್ಬರದಂಗಡಿ ಬಾಕಿ, ಕಟಾವಿನವರ ಕೂಲಿ, ಎರಡು ಮದುವೆಯ ಮುಯ್ಯಿ. ಮತ್ತೆ ಮೊದಲಿನಂತೆ ಐನೂರು, ಸಾವಿರ.

ಊರಿನಲ್ಲಿ ಇದನ್ನು ನೋಡಿದವರಿಗೆ ಒಂದು ಸಂಸಾರ ಚೆನ್ನಾಗಿಯೇ ನಡೆಯುತ್ತಿದೆ ಎಂದು ಗೊತ್ತಾಗುತ್ತದೆ. ಅದೇ ಹಾಳೆಗಳು ಸ್ಟೂಡೆಂಟ್ ವೀಸಾ ಅರ್ಜಿಯ ಜೊತೆ ಇಂಗ್ಲೆಂಡಿನದೋ ಆಸ್ಟ್ರೇಲಿಯಾದ್ದೋ ಅಧಿಕಾರಿಯ ಮೇಜಿಗೆ ಹೋದರೆ ಅವರು ಓದುವ ಕಥೆಯೇ ಬೇರೆ. ಸಂಬಳವಿಲ್ಲ, ತೆರಿಗೆ ಕಟ್ಟಿದ ದಾಖಲೆಯಿಲ್ಲ, ಎಲ್ಲಿಂದಲೋ ದೊಡ್ಡ ಮೊತ್ತ ಬಂದು ಬಿದ್ದಿದೆ, ಬಂದ ಹಾಗೆಯೇ ಹೋಗಿದೆ. ವೀಸಾಕ್ಕೆಂದು ಯಾರಿಂದಲೋ ತಂದು ತೋರಿಸಿದ ದುಡ್ಡಿರಬಹುದು ಎಂಬ ಅನುಮಾನ ಅವರಿಗೆ ಬರುವುದು ಸಹಜ. ಆ ಅಧಿಕಾರಿ ಕಬ್ಬು ಕಂಡವರಲ್ಲ, ಹನ್ನೆರಡು ತಿಂಗಳ ಬೆಳೆಗೆ ಒಂದೇ ಸಲ ಬಿಲ್ಲಾಗುತ್ತದೆ ಎಂಬುದು ಅವರಿಗೆ ತಿಳಿದಿರಬೇಕಾಗಿಯೂ ಇಲ್ಲ.

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಮಕ್ಕಳು ಹೊರದೇಶಕ್ಕೆ ಓದಲು ಹೋಗುವಾಗ ನಿಜವಾಗಿ ಎಡವುವುದು ಇಲ್ಲಿಯೇ. ಅಂಕ ಇರುತ್ತದೆ, ಐಇಎಲ್‌ಟಿಎಸ್‌ನಲ್ಲಿ ಆರೂವರೆ ಬಂದಿರುತ್ತದೆ, ವಿಶ್ವವಿದ್ಯಾಲಯದ ಆಫರ್ ಲೆಟರ್ ಕೈಯಲ್ಲಿರುತ್ತದೆ. ಮನೆಯಲ್ಲಿ ದುಡ್ಡೂ ಇರುತ್ತದೆ, ಇಲ್ಲವೇ ದುಡ್ಡಾಗಬಲ್ಲ ಆಸ್ತಿ ಇರುತ್ತದೆ. ಆದರೆ ವೀಸಾ ಅರ್ಜಿಗಳನ್ನು ರೂಪಿಸಿರುವುದು ತಿಂಗಳ ಸಂಬಳದ ಮನೆಗಳನ್ನು ಕಣ್ಣ ಮುಂದೆ ಇಟ್ಟುಕೊಂಡು. ನಮ್ಮ ಮನೆಗಳ ಸಂಪತ್ತು ಇರುವುದು ನೆಲದಲ್ಲಿ. ಆ ನೆಲವಾದರೂ ಎಷ್ಟೋ ಸಲ ತೀರಿಹೋದ ಅಜ್ಜನ ಹೆಸರಿನಲ್ಲಿ.

ಊರು ಬಿಟ್ಟು ಹೋಗುವುದು ಈ ಸೀಮೆಗೆ ಹೊಸದೇನಲ್ಲ. ಕೆ.ಆರ್. ಪೇಟೆ, ನಾಗಮಂಗಲದ ಒಣಭೂಮಿಯ ಹಳ್ಳಿಗಳಿಂದ ಮುಂಬೈಗೆ ಹೋದವರು ಎಷ್ಟು ಮಂದಿ ಎಂಬುದು ಹೊರಗಿನವರಿಗೆ ಗೊತ್ತಾದದ್ದು 2020ರ ಮೇ ತಿಂಗಳಲ್ಲಿ. ಲಾಕ್‌ಡೌನ್ ಸಡಿಲಾಗಿ ಅವರೆಲ್ಲ ಊರಿಗೆ ಮರಳಿದಾಗ ಮಂಡ್ಯ ಜಿಲ್ಲೆಯ ಕೋವಿಡ್ ಪಟ್ಟಿ ಒಮ್ಮೆಲೇ ಏರಿತು, ಕೆ.ಆರ್. ಪೇಟೆಯ ಹೆಸರು ದಿನಾ ಟಿವಿಯಲ್ಲಿ ಬಂತು. ಮುಂಬೈಗೆ ಹೋಗಲು ಬೇಕಾಗಿದ್ದದ್ದು ರೈಲಿನ ಟಿಕೆಟ್ಟು ಮತ್ತು ಅಲ್ಲಿ ಮೊದಲೇ ಹೋಗಿ ನೆಲೆಸಿದ್ದ ಒಬ್ಬ ಊರಿನವನ ವಿಳಾಸ, ಅಷ್ಟೆ. ಅಮೆರಿಕಕ್ಕೆ ಹೋಗಿ ಬಂದವರೂ ಇದ್ದಾರೆ. ಪಾಂಡವಪುರದ ರೈತ ನಾಯಕ ಕೆ.ಎಸ್. ಪುಟ್ಟಣ್ಣಯ್ಯ ಅವರ ಮಗ ದರ್ಶನ್ ಪುಟ್ಟಣ್ಣಯ್ಯ ಅಲ್ಲಿ ಸಾಫ್ಟ್‌ವೇರ್ ಕಂಪನಿ ನಡೆಸುತ್ತಿದ್ದವರು. ತಂದೆ 2018ರ ಫೆಬ್ರುವರಿಯಲ್ಲಿ ತೀರಿಕೊಂಡ ಮೇಲೆ ಬಂದು ಚುನಾವಣೆಗೆ ನಿಂತರು, ಸೋತರು, 2023ರಲ್ಲಿ ಮೇಲುಕೋಟೆ ಕ್ಷೇತ್ರದಿಂದ ಗೆದ್ದರು. ಅವರ ಹಾಗೆ ಹೋದವರನ್ನು ನೋಡಿಯೇ ಈಗಿನ ಹುಡುಗ ಹುಡುಗಿಯರು ಎಂಎಸ್, ಎಂಬಿಎ ಎಂದು ಹೊರಟಿರುವುದು.

ದುಡ್ಡು ಎಷ್ಟು ತೋರಿಸಬೇಕು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಕನ್ಸಲ್ಟೆನ್ಸಿಗೆ ಹೋದವರು ಕೇಳುವ ಮೊದಲ ಪ್ರಶ್ನೆ ಅದೇ. ಜರ್ಮನಿಯದು ನೇರ ವ್ಯವಹಾರ: ವರ್ಷದ ಖರ್ಚಿಗೆಂದು 11,904 ಯೂರೋ ‘ಬ್ಲಾಕ್ಡ್ ಅಕೌಂಟ್’ನಲ್ಲಿ ಇಡಬೇಕು, ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992ರಂತೆ ತೆಗೆದುಕೊಳ್ಳಬೇಕು. ಕೆನಡಾ 2025ರ ಸೆಪ್ಟೆಂಬರ್‌ನಿಂದ ಜೀವನವೆಚ್ಚಕ್ಕೆ 22,895 ಡಾಲರ್ ಕೇಳುತ್ತಿದೆ. ಆಸ್ಟ್ರೇಲಿಯಾ 29,710 ಡಾಲರ್. ಅಲ್ಲಿ ವೀಸಾ ಶುಲ್ಕವೇ 2,000 ಡಾಲರ್, ಅಂದರೆ ಲಕ್ಷ ರೂಪಾಯಿಗೂ ಮೇಲೆ, ಅರ್ಜಿ ತಿರಸ್ಕಾರವಾದರೂ ವಾಪಸ್ಸಿಲ್ಲ. ಬ್ರಿಟನ್ 2025ರ ನವೆಂಬರ್‌ನಿಂದ ಲಂಡನ್ನಿಗೆ ತಿಂಗಳಿಗೆ 1,529 ಪೌಂಡ್, ಲಂಡನ್ನಿನ ಹೊರಗೆ 1,171 ಪೌಂಡ್, ಒಂಬತ್ತು ತಿಂಗಳಿಗೆ ಲೆಕ್ಕ ಹಾಕಿ ತೋರಿಸು ಎನ್ನುತ್ತದೆ. ಲಂಡನ್ನಿನ ಹೊರಗಾದರೆ 10,539 ಪೌಂಡ್ ಆಯಿತು, ರೂಪಾಯಿಯಲ್ಲಿ ಹನ್ನೆರಡು ಲಕ್ಷದ ಆಸುಪಾಸು. ಇವೆಲ್ಲ ಊಟ, ಬಾಡಿಗೆಯ ಲೆಕ್ಕ ಮಾತ್ರ. ಕಟ್ಟದೆ ಉಳಿದ ಕಾಲೇಜು ಫೀಸು ಇದರ ಮೇಲೆ. ಈ ಅಂಕಿಗಳು ಹೆಚ್ಚುಕಡಿಮೆ ವರ್ಷಕ್ಕೊಮ್ಮೆ ಏರುವಂಥವು, ಅರ್ಜಿ ಹಾಕುವ ವಾರ ಆಯಾ ದೇಶದ ಸರ್ಕಾರಿ ಜಾಲತಾಣವನ್ನೇ ತೆರೆದು ನೋಡಬೇಕು.

ಮೊತ್ತವನ್ನು ಹೇಗೋ ಹೊಂದಿಸಬಹುದು. ಆ ದುಡ್ಡು ಯಾರ ಹೆಸರಿನಲ್ಲಿ, ಎಲ್ಲಿ, ಎಷ್ಟು ದಿನದಿಂದ ಇದೆ ಎಂಬ ಪ್ರಶ್ನೆಗಳೇ ಕಷ್ಟದವು.

ಬ್ರಿಟನ್ನಿನ ನಿಯಮವನ್ನೇ ತೆಗೆದುಕೊಳ್ಳಿ. ಆ ದುಡ್ಡು ಸತತ 28 ದಿನ ಖಾತೆಯಲ್ಲಿ ಕದಲದೆ ಇರಬೇಕು. ಒಂದು ದಿನ, ಒಂದೇ ದಿನ, ಬೇಕಾದ ಮೊತ್ತಕ್ಕಿಂತ ನೂರು ರೂಪಾಯಿ ಕೆಳಗಿಳಿದರೂ ಲೆಕ್ಕ ಮತ್ತೆ ಮೊದಲಿನಿಂದ. “ಇಪ್ಪತ್ತೆಂಟ್ ದಿನ ದುಡ್ಡು ಮುಟ್ಟಂಗಿಲ್ವಂತೆ ಕಣಣ್ಣ” ಎಂದು ಹಳ್ಳಿಯಲ್ಲಿ ಯಾರಾದರೂ ಹೇಳುತ್ತಿದ್ದರೆ ಆ ಮನೆಯಲ್ಲಿ ಯಾರೋ ಇಂಗ್ಲೆಂಡಿಗೆ ಹೊರಟಿದ್ದಾರೆ ಎಂದು ಅರ್ಥ. ಖಾತೆಯ ಸ್ಟೇಟ್‌ಮೆಂಟ್ ಅರ್ಜಿಯ ದಿನಕ್ಕೆ 31 ದಿನಕ್ಕಿಂತ ಹಳೆಯದಾಗಿರಬಾರದು. ಎಫ್‌ಡಿ ಆಗಬಹುದು, ಬೇಕೆಂದಾಗ ಮುರಿಸಿ ತೆಗೆಯುವಂತಿದ್ದರೆ. ಷೇರು, ಚೀಟಿ ದುಡ್ಡು, ಬೀರುವಿನ ಒಡವೆ, ಜಮೀನು ಯಾವುದೂ ಲೆಕ್ಕಕ್ಕಿಲ್ಲ. ಸಹಕಾರ ಸಂಘದ ಠೇವಣಿಯನ್ನೂ ನೆಚ್ಚಿಕೊಳ್ಳುವಂತಿಲ್ಲ. ಹಣಕಾಸು ಸಂಸ್ಥೆ ನಿಯಂತ್ರಣಕ್ಕೆ ಒಳಪಟ್ಟಿರಬೇಕು, ಅಲ್ಲಿಂದ ಮಾಹಿತಿ ಪರಿಶೀಲಿಸಲು ಅಧಿಕಾರಿಗೆ ಸಾಧ್ಯವಾಗಬೇಕು ಎಂಬುದು ಅವರ ಷರತ್ತು. ಹಳ್ಳಿಯ ಪತ್ತಿನ ಸಂಘ ರಿಸರ್ವ್ ಬ್ಯಾಂಕಿನ ನಿಯಂತ್ರಣದಲ್ಲಿ ಇಲ್ಲ.

ಇನ್ನು ಯಾರ ಖಾತೆ ಎಂಬುದು. ವಿದ್ಯಾರ್ಥಿಯದು ನಡೆಯುತ್ತದೆ; ತಂದೆ ತಾಯಿಯದು, ಜನನ ಪ್ರಮಾಣಪತ್ರ ಮತ್ತು ಒಪ್ಪಿಗೆ ಪತ್ರದೊಂದಿಗೆ ನಡೆಯುತ್ತದೆ. ದೊಡ್ಡಪ್ಪನದು ನಡೆಯುವುದಿಲ್ಲ. ಕೂಡುಕುಟುಂಬದಲ್ಲಿ ಬೆಳೆದವರಿಗೆ ಈ ಒಂದು ಸಾಲಿನ ತೂಕ ಏನೆಂದು ಹೇಳಬೇಕಾಗಿಲ್ಲ. ಮೂವರು ಅಣ್ಣತಮ್ಮಂದಿರು ಒಟ್ಟಿಗೆ ಬೇಸಾಯ ಮಾಡುವ ಮನೆಯಲ್ಲಿ ಕಾರ್ಖಾನೆಯ ಷೇರು ದೊಡ್ಡಪ್ಪನ ಹೆಸರಿನಲ್ಲಿರುತ್ತದೆ, ಕಬ್ಬಿನ ಬಿಲ್ಲು ಅವರ ಖಾತೆಗೇ ಬರುತ್ತದೆ, ಮನೆಯ ಎಲ್ಲ ಮಕ್ಕಳ ಫೀಸನ್ನು ಇದುವರೆಗೆ ಕಟ್ಟಿದವರೂ ಅವರೇ. ಮಗುವಿನ ಓದಿನ ಮೇಲೆ ಅವರಿಗಿರುವಷ್ಟು ಹಕ್ಕು, ಹೊಣೆ ಹೆತ್ತ ತಂದೆಗೂ ಇಲ್ಲವೇನೋ. ವೀಸಾ ಅರ್ಜಿಯಲ್ಲಿ ಮಾತ್ರ ಅವರು ಯಾರೂ ಅಲ್ಲ. ಅಮೆರಿಕ, ಕೆನಡಾಗಳಲ್ಲಿ ಸಂಬಂಧಿಕರು ಪ್ರಾಯೋಜಕರಾಗಬಹುದು, ಆದರೆ ಸಂಬಂಧವನ್ನೂ ದುಡ್ಡಿನ ಮೂಲವನ್ನೂ ಕಾಗದದಲ್ಲಿ ವಿವರಿಸಬೇಕು. ಇಂಗ್ಲೆಂಡಿನದಾದರೆ ದುಡ್ಡು ದೊಡ್ಡಪ್ಪನ ಖಾತೆಯಿಂದ ಅಪ್ಪನ ಖಾತೆಗೆ ಸಾಕಷ್ಟು ಮುಂಚೆಯೇ ಬರಬೇಕು, ಏಕೆ ಬಂತು ಎಂಬುದಕ್ಕೊಂದು ಪತ್ರ ಇರಬೇಕು. ಅರ್ಜಿಗೆ ತಿಂಗಳು ಮುಂಚೆ ಹನ್ನೆರಡು ಲಕ್ಷ ದಿಢೀರನೆ ಬಂದು ಕೂತರೆ 28 ದಿನದ ನಿಯಮ ಪಾಲಿಸಿದಂತಾಗುತ್ತದೆ, ಅನುಮಾನ ಮಾತ್ರ ಉಳಿಯುತ್ತದೆ.

ಈ ಮನೆಗಳಲ್ಲಿ ಸಂಬಳದ ಹಾಗೆ ಕಾಣುವ ಆದಾಯ ಒಂದಿದೆ, ಅದು ಹಾಲಿನದು. ಊರಿನ ಡೇರಿಗೆ ಹಾಕಿದ ಹಾಲಿನ ದುಡ್ಡು ತಪ್ಪದೆ ಬ್ಯಾಂಕ್ ಖಾತೆಗೆ ಬರುತ್ತದೆ, ಜೊತೆಗೆ ಸರ್ಕಾರದ ಪ್ರೋತ್ಸಾಹಧನ. ಗೆಜ್ಜಲಗೆರೆಯಲ್ಲಿ ಕಚೇರಿ ಇರುವ ಜಿಲ್ಲಾ ಹಾಲು ಒಕ್ಕೂಟ ಮನ್‌ಮುಲ್‌ಗೆ ಹಾಲು ಹಾಕುವ ಮನೆಗಳಲ್ಲಿ ಡೇರಿ ಸದಸ್ಯತ್ವ ಬಹಳ ಕಡೆ ಅಮ್ಮನ ಹೆಸರಿನಲ್ಲಿರುತ್ತದೆ, ಮಹಿಳಾ ಸಂಘಗಳಿರುವ ಊರುಗಳಲ್ಲಂತೂ ಖಂಡಿತ. ಅಪ್ಪನ ಖಾತೆಯಲ್ಲಿ ವರ್ಷಕ್ಕೊಂದು ದೊಡ್ಡ ಜಮೆ, ಅಮ್ಮನ ಖಾತೆಯಲ್ಲಿ ವರ್ಷವಿಡೀ ಸಣ್ಣ ಜಮೆ. ಕಡತ ತಯಾರಿಸುವ ಕನ್ಸಲ್ಟೆನ್ಸಿಯವರು ಅಪ್ಪನ ಸ್ಟೇಟ್‌ಮೆಂಟ್ ಒಂದನ್ನೇ ಕೇಳಿ ಸುಮ್ಮನಾಗುತ್ತಾರೆ. ಎರಡನ್ನೂ ಇಟ್ಟರೆ ಈ ಮನೆಗೆ ಆದಾಯ ಇದೆ ಎಂಬುದಕ್ಕೆ ಯಾವ ವಿವರಣೆಯೂ ಬೇಕಾಗುವುದಿಲ್ಲ.

ಕಬ್ಬು ಎಲ್ಲಿಗೆ ಹೋಯಿತು ಎಂಬುದೂ ಇಲ್ಲಿ ಮುಖ್ಯವಾಗುತ್ತದೆ. ಕಾರ್ಖಾನೆಗೆ ಹೋದ ಕಬ್ಬಿಗೆ ತೂಕದ ಚೀಟಿ ಇದೆ, ಬಿಲ್ಲು ಇದೆ, ಬ್ಯಾಂಕ್ ಜಮೆ ಇದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ 14 ದಿನದೊಳಗೆ ಹಣ ಕೊಡಬೇಕು. ಎಷ್ಟು ದಿನಕ್ಕೆ ಬರುತ್ತದೆ ಎಂಬುದನ್ನು ಮಂಡ್ಯದವರಿಗೆ ನಾನು ಹೇಳಬೇಕಾಗಿಲ್ಲ. ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆ ನಿಂತುಹೋಗಿ, 2020ರಲ್ಲಿ 40 ವರ್ಷದ ಗುತ್ತಿಗೆಗೆ ನಿರಾಣಿ ಶುಗರ್ಸ್‌ನ ಪಾಲಾಗಿ ಮತ್ತೆ ನಡೆಯುವವರೆಗೆ ಆ ಭಾಗದ ಎಷ್ಟೋ ಕಬ್ಬು ಆಲೆಮನೆಗೆ, ಇಲ್ಲವೇ ಬೇರೆ ತಾಲ್ಲೂಕಿನ ಕಾರ್ಖಾನೆಗೆ ಹೋಯಿತು. ಆಲೆಮನೆಯಲ್ಲಿ ಕೈಗೆ ನಗದು ಸಿಗುತ್ತದೆ, ಆ ಕ್ಷಣಕ್ಕೆ ಅದೇ ಹಿತ. ಆದರೆ ನಗದಿಗೆ ಕಾಗದವಿಲ್ಲ. ಮೂರು ವರ್ಷದ ಬೆಲ್ಲದ ದುಡ್ಡನ್ನು ಕೂಡಿಟ್ಟು ಬ್ಯಾಂಕಿಗೆ ತಂದು ಕಟ್ಟಿದರೆ ಅದು ಬೆಲ್ಲದ್ದೆಂದು ಹೇಳುವವರು ಯಾರು?

ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಆದ್ದರಿಂದ ಯಾರೂ ರಿಟರ್ನ್ ಸಲ್ಲಿಸುವುದಿಲ್ಲ, ಸಲ್ಲಿಸಬೇಕೆಂದು ಯಾರೂ ಹೇಳಿಯೂ ಇರುವುದಿಲ್ಲ. ತೆರಿಗೆ ಸೊನ್ನೆಯಾದರೂ ರಿಟರ್ನ್ ಹಾಕಲು ಅಡ್ಡಿಯಿಲ್ಲ ಎಂಬುದು ಕಡಿಮೆ ಜನಕ್ಕೆ ಗೊತ್ತು. ವರ್ಷದ ಕೃಷಿ ಆದಾಯ ಐದು ಲಕ್ಷ ಮೀರಿದರೆ ರಿಟರ್ನ್ ನಮೂನೆಯೇ ಜಮೀನಿನ ಜಿಲ್ಲೆ, ಪಿನ್‌ಕೋಡ್, ಎಕರೆ, ಸ್ವಂತದ್ದೋ ಗುತ್ತಿಗೆಯದೋ, ನೀರಾವರಿಯೋ ಮಳೆಯಾಶ್ರಿತವೋ ಎಂದೆಲ್ಲ ಕೇಳುತ್ತದೆ. ಹಾಗೆ ಎರಡು ವರ್ಷದ ರಿಟರ್ನ್ ಇದ್ದರೆ, ಪಹಣಿ ಓದಲು ಬಾರದ ಅಧಿಕಾರಿಗೆ ಅರ್ಥವಾಗುವ ಭಾಷೆಯಲ್ಲಿ ಜಮೀನು ಬರೆದುಕೊಟ್ಟಂತೆ. ಆಡಿಟರ್ ಕೊಡುವ ನೆಟ್‌ವರ್ತ್ ಸರ್ಟಿಫಿಕೇಟ್‌ಗಿಂತ ನನಗೆ ಇದರ ಮೇಲೇ ನಂಬಿಕೆ ಜಾಸ್ತಿ.

ಇಲ್ಲೊಂದು ಮುಜುಗರದ ಸಂಗತಿ ಇದೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅದೇ ಮನೆಯಲ್ಲಿ ಬಿಪಿಎಲ್ ಕಾರ್ಡ್ ಇರುತ್ತದೆ. ಮಗಳ ಪದವಿ ಫೀಸ್ ರಿಯಾಯಿತಿಗೆಂದು ನಾಡಕಚೇರಿಯಿಂದ ತಂದ ಆದಾಯ ಪ್ರಮಾಣಪತ್ರದಲ್ಲಿ ವಾರ್ಷಿಕ ಆದಾಯ ನಲವತ್ತು ಸಾವಿರವೋ ಐವತ್ತು ಸಾವಿರವೋ ಇರುತ್ತದೆ, ತಹಸೀಲ್ದಾರರ ಸಹಿಯೊಂದಿಗೆ, ಐದು ವರ್ಷ ಚಾಲ್ತಿಯಲ್ಲಿ. ಈಗ ವೀಸಾಕ್ಕೆಂದು ಹತ್ತು ಲಕ್ಷ ಕೃಷಿ ಆದಾಯವಿದೆ ಎಂದು ಅಫಿಡವಿಟ್. ಎರಡೂ ಒಂದೇ ಮನೆಯವು, ಒಂದೇ ವರ್ಷದವು. ಸರ್ಕಾರದ ಸಾಲ, ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದರೆ ಕಡಿಮೆ ಆದಾಯದ ಪತ್ರ ಬೇಕು: ಪರಿಶಿಷ್ಟ ಜಾತಿ, ಪಂಗಡದವರಿಗೆ ಪ್ರಬುದ್ಧ ಯೋಜನೆ ಇದೆ, ಅಲ್ಪಸಂಖ್ಯಾತರ ನಿಗಮದ ವಿದೇಶ ವ್ಯಾಸಂಗ ಸಾಲ ಇದೆ, ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ. ಇವಕ್ಕೆಲ್ಲ ಆದಾಯದ ಮಿತಿ ಉಂಟು. ನಿಜಕ್ಕೂ ಆ ಮಿತಿಯೊಳಗಿದ್ದವರು ಧೈರ್ಯವಾಗಿ ಅರ್ಜಿ ಹಾಕಬೇಕು, ಮಂಜೂರಾತಿ ಪತ್ರವೇ ವೀಸಾಕ್ಕೆ ಬಲವಾದ ದಾಖಲೆ. ಅಲ್ಲೊಂದು ಆದಾಯ ಇಲ್ಲೊಂದು ಆದಾಯ ತೋರಿಸುವವರು ಮಾತ್ರ ತಮ್ಮ ಕುಣಿಕೆಯನ್ನು ತಾವೇ ಹೆಣೆದುಕೊಳ್ಳುತ್ತಾರೆ.

ಪಹಣಿಯ ವಿಷಯಕ್ಕೆ ಬರುತ್ತೇನೆ. ನಾಡಕಚೇರಿಯಿಂದಲೋ ಆನ್‌ಲೈನಿನಿಂದಲೋ ತೆಗೆದ ಒಂದು ಆರ್‌ಟಿಸಿಯನ್ನು ಮುಂದಿಟ್ಟುಕೊಳ್ಳಿ. ಒಂಬತ್ತನೇ ಕಲಂನಲ್ಲಿ ಸ್ವಾಧೀನದಾರರ ಹೆಸರು. ‘ನಿಂಗೇಗೌಡ ಬಿನ್ ಕೆಂಪೇಗೌಡ’ ಎಂದಿದೆ ಅನ್ನಿ, ನಿಂಗೇಗೌಡರು ತೀರಿಕೊಂಡು ಹದಿನೈದು ವರ್ಷವಾಗಿದೆ. ಅಥವಾ ಆರು ಹೆಸರು ಒಟ್ಟಿಗೆ ಇವೆ, ಮೂರು ಎಕರೆ ಹತ್ತು ಗುಂಟೆಗೆ ಜಂಟಿ. ಹನ್ನೊಂದನೇ ಕಲಂ ಹಕ್ಕು ಮತ್ತು ಋಣಗಳದ್ದು. ಅಲ್ಲಿ ಸಹಕಾರ ಸಂಘಕ್ಕೆ ಮಾಡಿದ ಆಧಾರ, ಸಾಲ ತೀರಿಸಿ ಎಷ್ಟೋ ವರ್ಷವಾದರೂ ತೆಗೆಸದೆ ಹಾಗೇ ಕೂತಿದೆ. ಹನ್ನೆರಡನೇ ಕಲಂನಲ್ಲಿ ಬೆಳೆ. ಕಣ್ಣ ಮುಂದೆ ಕಬ್ಬು ನಿಂತಿದ್ದರೂ ಅಲ್ಲಿ ಭತ್ತವೋ ರಾಗಿಯೋ ದಾಖಲಾಗಿದೆ.

ಇಂಥ ಪಹಣಿಯನ್ನು ಇಂಗ್ಲಿಷಿಗೆ ತರ್ಜುಮೆ ಮಾಡಿಸಿ, ನೋಟರಿ ಸೀಲು ಹಾಕಿಸಿ ಕಡತಕ್ಕೆ ಸೇರಿಸಿದರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಅರ್ಜಿದಾರಳ ತಂದೆಯ ಹೆಸರು ಅದರಲ್ಲಿ ಎಲ್ಲೂ ಇಲ್ಲ, ಇದ್ದರೂ ಪಾಲು ಎಷ್ಟೆಂದು ಇಲ್ಲ, ಸಾಲ ಬಾಕಿಯಿದೆ ಎಂದು ಬೇರೆ ಬರೆದಿದೆ. ಟೈಪಿಸ್ಟ್ ಅವಸರದಲ್ಲಿ ‘ಬಿನ್’ ಅನ್ನು ಹಾಗೇ ಬಿಟ್ಟರೆ ಅದೂ ಹೆಸರಿನ ಭಾಗವಾಗಿಬಿಡುತ್ತದೆ. ತೀರಿಕೊಂಡವರ ಹೆಸರಿನಲ್ಲೇ ಉಳಿದ ಪಹಣಿಗಳು ರಾಜ್ಯದಲ್ಲಿ ಲಕ್ಷಗಟ್ಟಲೆ ಇವೆ ಎಂದು ಕಂದಾಯ ಇಲಾಖೆಯೇ ಹೇಳಿ, ವಾರಸುದಾರರ ಹೆಸರಿಗೆ ಖಾತೆ ಬದಲಿಸುವ ಪೌತಿ ಖಾತೆ ಆಂದೋಲನ ನಡೆಸುತ್ತಿದೆ. ವಂಶವೃಕ್ಷ, ಮರಣ ಪ್ರಮಾಣಪತ್ರ, ವಾರಸುದಾರರ ಒಪ್ಪಿಗೆ ಇವಿಷ್ಟಿದ್ದರೆ ಪೌತಿ ಖಾತೆ ಆಗುವಂಥದ್ದೇ. ಸಿಕ್ಕಿಹಾಕಿಕೊಳ್ಳುವುದು ಒಪ್ಪಿಗೆಯಲ್ಲಿ. ಮದುವೆಯಾಗಿ ಹೋದ ಅತ್ತೆಯಂದಿರ ಸಹಿ ಬೇಕು, ಅವರಿಗೆ ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟ 2005ರ ತಿದ್ದುಪಡಿಯ ಹಕ್ಕು ಗೊತ್ತಾಗಿದೆ, ಗೊತ್ತಾಗಬೇಕಾದ್ದೇ. ಹುಡುಗನ ಲಂಡನ್ ಓದು ಮನೆಯ ಮೂವತ್ತು ವರ್ಷದ ಪಾಲಿನ ಮಾತನ್ನು ಜಗಲಿಗೆ ತಂದು ಕೂರಿಸುತ್ತದೆ. ಸೆಪ್ಟೆಂಬರ್ ಇನ್‌ಟೇಕ್‌ಗೆ ಜುಲೈಯಲ್ಲಿ ಈ ಮಾತು ಎತ್ತಿದರೆ ಆಗುವ ಕೆಲಸವಲ್ಲ.

ಜಮೀನು ತೋರಿಸಿ ಸಾಲ ತೆಗೆದರಾಯಿತು ಎನ್ನುವವರಿಗೆ ಬ್ಯಾಂಕಿನಲ್ಲಿ ಇನ್ನೊಂದು ಆಶ್ಚರ್ಯ ಕಾದಿರುತ್ತದೆ. ಏಳೂವರೆ ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿ ಅಡಮಾನ ಕೇಳುವುದಿಲ್ಲ. ವಿದೇಶದ ಓದಿಗೆ ಅದು ಮೂಲೆಗೂ ಸಾಲದು. ಅದರ ಮೇಲಿನ ಮೊತ್ತಕ್ಕೆ ಸರ್ಕಾರಿ ಬ್ಯಾಂಕುಗಳು ಸಾಮಾನ್ಯವಾಗಿ ಅಡಮಾನ ಕೇಳುತ್ತವೆ. ಕೋಟಿ ಬೆಲೆಬಾಳುವ ನಾಲೆ ಬಯಲಿನ ಗದ್ದೆ ಇದೆ ಎಂದರೆ ಮ್ಯಾನೇಜರ್ ತಲೆಯಾಡಿಸುತ್ತಾರೆ. ಮನಸ್ಸಿಲ್ಲದೆ ಅಲ್ಲ. ಸಾಲ ತೀರಿಸದಿದ್ದರೆ ಕೋರ್ಟಿಗೆ ಹೋಗದೆಯೇ ಆಸ್ತಿ ವಶಪಡಿಸಿಕೊಳ್ಳುವ ಅಧಿಕಾರವನ್ನು ಬ್ಯಾಂಕುಗಳಿಗೆ ಕೊಟ್ಟದ್ದು 2002ರ ಸರ್ಫೇಸಿ ಕಾಯ್ದೆ. ಅದರ 31ನೇ ಸೆಕ್ಷನ್ ಕೃಷಿ ಭೂಮಿಯನ್ನು ಹೊರಗಿಟ್ಟಿದೆ. ರೈತನ ನೆಲ ಸುಲಭವಾಗಿ ಕೈಬಿಟ್ಟು ಹೋಗದಿರಲಿ ಎಂದು ಮಾಡಿದ ರಕ್ಷಣೆ ಅದು, ಒಳ್ಳೆಯದೇ. ಅದೇ ರಕ್ಷಣೆಯಿಂದಾಗಿ ಶಿಕ್ಷಣ ಸಾಲಕ್ಕೆ ಆ ನೆಲ ಆಧಾರವಾಗದು. ಬೆಂಗಳೂರಿನಲ್ಲಿ ಎರಡು ಕೋಣೆಯ ಫ್ಲ್ಯಾಟ್ ಇದ್ದವನಿಗೆ ಸಾಲ ಸಿಗುತ್ತದೆ, ವಿಶ್ವೇಶ್ವರಯ್ಯ ನಾಲೆಯ ಕೆಳಗೆ ಐದು ಎಕರೆ ಇದ್ದವನಿಗೆ ಸಿಗುವುದಿಲ್ಲ.

ಊರಿನ ಮನೆಯನ್ನಾದರೂ ಇಡೋಣವೆಂದರೆ ಗ್ರಾಮಠಾಣಾದೊಳಗಿನ ಮನೆಗೆ ಇ-ಸ್ವತ್ತು ಆಗಿರಬೇಕು, ಸಬ್‌ರಿಜಿಸ್ಟ್ರಾರ್ ಕಚೇರಿಯ ಋಣಭಾರ ಪತ್ರ ಬೇಕು. ಕೆಲವರು ಊರಂಚಿನ ಹತ್ತು ಗುಂಟೆಯನ್ನು ಅಲಿನೇಷನ್, ಅಂದರೆ ಭೂಪರಿವರ್ತನೆ, ಮಾಡಿಸಿ ಅದನ್ನು ಆಧಾರ ಇಡುತ್ತಾರೆ. ಅದು ವರ್ಷ ಹಿಡಿದರೂ ಹಿಡಿಯಬಹುದಾದ ದಾರಿ. ಉಳಿದ ದಾರಿ ಖಾಸಗಿ ಹಣಕಾಸು ಕಂಪನಿಗಳದ್ದು. ಅವರು ಆಸ್ತಿ ಕೇಳುವುದಿಲ್ಲ, ಬಡ್ಡಿ ಹೆಚ್ಚು, ಜೊತೆಗೆ ಸಂಬಳ ಬರುವ ಸಹ-ಅರ್ಜಿದಾರ ಬೇಕು. ಆಗ ಶುರುವಾಗುತ್ತದೆ ನೆಂಟರ ಪೈಕಿ ಸರ್ಕಾರಿ ನೌಕರನ ಹುಡುಕಾಟ. ಮೇಷ್ಟ್ರಾಗಿರುವ ಸೋದರಮಾವ, ಕೆಪಿಟಿಸಿಎಲ್‌ನಲ್ಲಿರುವ ಚಿಕ್ಕಪ್ಪ. ಶಿಕ್ಷಣ ಸಾಲದ ಬಡ್ಡಿಗೆ ತೆರಿಗೆ ವಿನಾಯಿತಿ ಇದೆ ಎಂದು ಬ್ಯಾಂಕಿನ ಕರಪತ್ರ ಹೇಳುತ್ತದೆ. ತೆರಿಗೆಯೇ ಇಲ್ಲದ ರೈತನಿಗ್ಯಾತರ ವಿನಾಯಿತಿ?

ಈ ಒಂದು ವಿಷಯದಲ್ಲಿ ನಾಗಮಂಗಲದವರು ಮುಂದಿದ್ದಾರೆ ಎಂಬುದು ನನ್ನ ಅಂದಾಜು. ನಾಲೆ ನೀರು ಕಂಡದ್ದು ಕಡಿಮೆ, ರಾಗಿ, ತೆಂಗಿನ ಸೀಮೆ, ಆದ್ದರಿಂದಲೇ ಒಂದು ತಲೆಮಾರು ಮೊದಲೇ ಬೆಂಗಳೂರಿಗೆ ಕೆಲಸಕ್ಕೆ ಹೋದರು. ಇವತ್ತು ಅಲ್ಲಿನ ಮನೆಯೊಂದರಲ್ಲಿ ಸಂಬಳದ ಸ್ಲಿಪ್ ಇರುವ ಒಬ್ಬರಾದರೂ ಸಿಗುತ್ತಾರೆ, ನಗರದಲ್ಲೊಂದು ಖಾತೆಯಾದ ಸೈಟೂ ಇರಬಹುದು. ನೀರಾವರಿ ಕೈಹಿಡಿದ ಪಾಂಡವಪುರ, ಶ್ರೀರಂಗಪಟ್ಟಣದವರಿಗೆ ಊರು ಬಿಡುವ ಅಗತ್ಯ ಅಷ್ಟಾಗಿ ಬೀಳಲಿಲ್ಲ, ಹಾಗಾಗಿ ಕಾಗದವೂ ಆಗಲಿಲ್ಲ. ಶ್ರೀರಂಗಪಟ್ಟಣದಲ್ಲಿ ಬೇರೊಂದು ಬಗೆಯ ದುಡ್ಡು ಬಂತು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಗೆ ಜಮೀನು ಕೊಟ್ಟವರ ಕೈಯಲ್ಲಿ ಭೂಸ್ವಾಧೀನದ ಆದೇಶವಿದೆ, ಪರಿಹಾರ ನೇರ ಬ್ಯಾಂಕಿಗೆ ಬಂದಿದೆ. ನೆಲ ಕಳೆದುಕೊಂಡ ಸಂಕಟ ಬೇರೆ ಮಾತು. ವೀಸಾ ಕಡತದಲ್ಲಿ ಇಷ್ಟು ಸ್ವಚ್ಛವಾಗಿ ಮೂಲ ಹೇಳುವ ದುಡ್ಡು ಮತ್ತೊಂದಿಲ್ಲ.

ಹೆಸರಿನ ತೊಡಕು ಇದಕ್ಕೂ ಮೊದಲು, ಪಾಸ್‌ಪೋರ್ಟಿನಲ್ಲೇ ಎದುರಾಗುತ್ತದೆ. ನಮ್ಮಲ್ಲಿ ಊರು, ಅಪ್ಪ, ಆಮೇಲೆ ತಾನು. ಕಿಕ್ಕೇರಿಯ ಸುಬ್ಬರಾಯರ ಮಗ ಕೆ.ಎಸ್. ನರಸಿಂಹಸ್ವಾಮಿ, ಬೂಕನಕೆರೆಯ ಸಿದ್ಧಲಿಂಗಪ್ಪನವರ ಮಗ ಬಿ.ಎಸ್. ಯಡಿಯೂರಪ್ಪ. ಕೆ.ಆರ್. ಪೇಟೆ ತಾಲ್ಲೂಕಿನ ಇಬ್ಬರಿಗೂ ಸರ್‌ನೇಮ್ ಯಾವುದೆಂದು ಪಾಸ್‌ಪೋರ್ಟ್ ಗುಮಾಸ್ತರು ಕೇಳಿದರೆ ಏನು ಹೇಳುವುದು? ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಕಾವ್ಯ ಕೆ.ಎನ್.’, ಆಧಾರ್‌ನಲ್ಲಿ ಬರೀ ‘ಕಾವ್ಯ’, ಅಪ್ಪನ ಹೆಸರು ಒಂದು ಕಡೆ ಗೌಡ ಸೇರಿಸಿ, ಇನ್ನೊಂದು ಕಡೆ ಗೌಡ ಬಿಡಿಸಿ. ಸರ್‌ನೇಮ್ ಜಾಗ ಖಾಲಿ ಬಿಟ್ಟು ಒಂದೇ ಹೆಸರಿನ ಪಾಸ್‌ಪೋರ್ಟ್ ಮಾಡಿಸಿದವರ ಅಮೆರಿಕದ ವೀಸಾದಲ್ಲಿ ಆ ಹೆಸರೇ ಸರ್‌ನೇಮ್ ಆಗಿ, ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಅಚ್ಚಾಗುತ್ತದೆ, ಮೊದಲ ಹೆಸರು ಗೊತ್ತಿಲ್ಲ ಎಂಬ ಸಂಕೇತ. ಅಲ್ಲಿ ಬ್ಯಾಂಕ್ ಖಾತೆ, ಡ್ರೈವಿಂಗ್ ಲೈಸೆನ್ಸ್ ಎಲ್ಲದರಲ್ಲೂ ಆ ಮೂರಕ್ಷರ ಬೆನ್ನು ಹತ್ತುತ್ತದೆ. ಪಾಸ್‌ಪೋರ್ಟಿಗೆ ಅರ್ಜಿ ಹಾಕುವಾಗಲೇ ಇನಿಶಿಯಲ್ ಬಿಡಿಸಿ, ಅಂಕಪಟ್ಟಿ, ಆಧಾರ್ ಎಲ್ಲದಕ್ಕೂ ಹೊಂದಿಸಿಕೊಳ್ಳುವುದು ಲೇಸು. ಈ ಕೆಲಸ ಈಗ ದೂರದ್ದಲ್ಲ. ದೇಶದಲ್ಲೇ ಮೊದಲಿಗೆ ಅಂಚೆ ಕಚೇರಿಯೊಳಗೆ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆದದ್ದು 2017ರ ಜನವರಿಯಲ್ಲಿ, ಗುಜರಾತಿನ ದಾಹೋದ್ ಮತ್ತು ನಮ್ಮ ಮೈಸೂರಿನಲ್ಲಿ. ಶ್ರೀರಂಗಪಟ್ಟಣದಿಂದ ಮೈಸೂರು ಎಷ್ಟು ದೂರ?

ಕನ್ಸಲ್ಟೆನ್ಸಿಗಳ ಬಗ್ಗೆ ಎರಡು ಮಾತು. “ನಮ್ಮ ಸರ್ವಿಸ್ ಫ್ರೀ” ಎನ್ನುವವರಿಗೆ ದುಡ್ಡು ವಿಶ್ವವಿದ್ಯಾಲಯದಿಂದ ಕಮಿಷನ್ ರೂಪದಲ್ಲಿ ಬರುತ್ತದೆ. ಅದರಲ್ಲಿ ಅಪರಾಧವೇನಿಲ್ಲ, ಆದರೆ ಕಮಿಷನ್ ಕೊಡದ ಒಳ್ಳೆಯ ವಿಶ್ವವಿದ್ಯಾಲಯದ ಹೆಸರು, ಬಹುಮಟ್ಟಿಗೆ ಫೀಸೇ ಇಲ್ಲದ ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳ ಹೆಸರು ಅವರ ಬಾಯಲ್ಲಿ ಬರುವುದು ಅಪರೂಪ. ಕೆಲಸಕ್ಕೆ ಜನ ಕಳಿಸುವ ಏಜೆಂಟರಿಗೆ 1983ರ ವಲಸೆ ಕಾಯ್ದೆಯಡಿ ನೋಂದಣಿ ಬೇಕು. ಓದಲು ಕಳಿಸುವವರು ಅದರ ವ್ಯಾಪ್ತಿಗೆ ಬರುವುದಿಲ್ಲ. ನಮ್ಮ ಮನೆಗಳ ಕಾಗದ ಸರಿಯಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತು, ಅಪಾಯ ಇರುವುದೇ ಅಲ್ಲಿ. “ಬ್ಯಾಲೆನ್ಸ್ ನಾವೇ ತೋರಿಸ್ತೀವಿ, ಪರ್ಸೆಂಟೇಜ್ ಕೊಡಿ” ಎಂಬ ಮಾತು ಬಂದರೆ ಎದ್ದು ಬರಬೇಕು. ಸುಳ್ಳು ದಾಖಲೆ ಸಿಕ್ಕಿಬಿದ್ದರೆ ಬ್ರಿಟನ್ 10 ವರ್ಷ ಬಾಗಿಲು ಮುಚ್ಚಬಹುದು, ಕೆನಡಾ 5 ವರ್ಷ ಮುಚ್ಚುತ್ತದೆ, ಅಮೆರಿಕದಲ್ಲಿ ಶಾಶ್ವತ. 2023ರಲ್ಲಿ ಪಂಜಾಬಿನ ನೂರಾರು ಹುಡುಗರು ಏಜೆಂಟ್ ಕೊಟ್ಟ ನಕಲಿ ಪ್ರವೇಶ ಪತ್ರದಿಂದಾಗಿ, ಕೆನಡಾದಲ್ಲಿ ಓದಿ ಮುಗಿಸಿದ ಮೇಲೂ ಗಡೀಪಾರಿನ ನೋಟಿಸು ಎದುರಿಸಿದರು. ಸಹಿ ಮಾಡಿದವನು ಅರ್ಜಿದಾರ, ಏಜೆಂಟ್ ಎಲ್ಲೂ ಇರುವುದಿಲ್ಲ.

ಅವರು ಬರೆದುಕೊಡುವ ಉದ್ದೇಶ ಪತ್ರ, ಎಸ್‌ಒಪಿ, ಇನ್ನೊಂದು ತಮಾಷೆ. ಚಿಕ್ಕಂದಿನಿಂದಲೂ ಕಂಪ್ಯೂಟರ್ ಎಂದರೆ ಪ್ರಾಣ, ನಿಮ್ಮ ವಿಶ್ವವಿದ್ಯಾಲಯದ ವಿಶ್ವದರ್ಜೆಯ ಪರಿಸರ, ಹೀಗೇ ಎಲ್ಲರದೂ ಒಂದೇ ಅಚ್ಚು. ಆಸ್ಟ್ರೇಲಿಯಾ 2024ರ ಮಾರ್ಚ್‌ನಿಂದ ಆ ಉದ್ದ ಪತ್ರವನ್ನೇ ಬಿಟ್ಟು, ನೇರ ಪ್ರಶ್ನೆ ಕೇಳಿ ಒಂದೊಂದಕ್ಕೂ 150 ಪದದೊಳಗೆ ಉತ್ತರಿಸು ಎನ್ನುತ್ತಿದೆ. ಮಂಡ್ಯದ ವಿ.ಸಿ. ಫಾರಂ ಕೃಷಿ ಕಾಲೇಜಿನಲ್ಲಿ ಬಿಎಸ್ಸಿ ಅಗ್ರಿ ಓದಿದ ಹುಡುಗಿಗೆ ನಾಲೆಯ ಕೊನೆಯಂಚಿನ ಜಮೀನು ಜವುಳಾಗುವುದನ್ನು ಕಣ್ಣಾರೆ ಕಂಡ ಅನುಭವವಿದೆ. ಮಣ್ಣಿನ ಉಪ್ಪಿನಂಶದ ಬಗ್ಗೆ ಓದಲು ಆಸ್ಟ್ರೇಲಿಯಾಕ್ಕಿಂತ ತಕ್ಕ ಜಾಗ ಯಾವುದು? ಅದನ್ನೇ ಬರೆದರೆ ಸಾಕು, ಸರಳ ಇಂಗ್ಲಿಷಿನಲ್ಲಿ.

ಅಮೆರಿಕದ ದಾರಿ ಬೇರೆ. ಅಲ್ಲಿ ಸಂದರ್ಶನವೇ ಎಲ್ಲ, ಅದೂ ಕೆಲವೇ ನಿಮಿಷ. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಕಾನ್ಸುಲೇಟ್ ಉದ್ಘಾಟನೆಯಾಯಿತು, ಆದರೆ ಅದರ ಜೊತೆಗೆ ವೀಸಾ ಸೇವೆ ಬರಲಿಲ್ಲ. ಚೆನ್ನೈ, ಹೈದರಾಬಾದಿನ ಓಡಾಟ ತಪ್ಪಲಿಲ್ಲ. ಅದೇ ವರ್ಷ ಮೇ ಕೊನೆಯಲ್ಲಿ ವಿದ್ಯಾರ್ಥಿ ವೀಸಾದ ಹೊಸ ಸಂದರ್ಶನಗಳನ್ನು ಕೆಲವು ವಾರ ನಿಲ್ಲಿಸಿ, ಜೂನ್‌ನಲ್ಲಿ ಮತ್ತೆ ಶುರು ಮಾಡಿದಾಗ ಅರ್ಜಿದಾರರು ಸಾಮಾಜಿಕ ಜಾಲತಾಣದ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕು ಎಂದರು. ಅಲ್ಲಿನ 214(ಬಿ) ಸೆಕ್ಷನ್ ಪ್ರಕಾರ ಅರ್ಜಿ ಹಾಕಿದ ಪ್ರತಿಯೊಬ್ಬರೂ ಅಲ್ಲೇ ಉಳಿಯಲು ಬಂದವರೆಂದೇ ಅಧಿಕಾರಿ ಭಾವಿಸಬೇಕು. ಅಲ್ಲ ಎಂದು ತೋರಿಸುವುದು ನಮ್ಮ ಕೆಲಸ. ಬ್ಯಾಂಕಿನಲ್ಲಿ ಬೆಲೆ ಸಿಗದ ಜಮೀನು ಇಲ್ಲಿ ಸ್ವಲ್ಪ ನೆರವಿಗೆ ಬರುತ್ತದೆ. ಊರಿನಲ್ಲಿ ತೋಟವಿದೆ, ತಂದೆ ತಾಯಿ ಅದನ್ನೇ ನೋಡಿಕೊಂಡಿದ್ದಾರೆ, ನಾನೊಬ್ಬನೇ ಮಗ ಎಂದು ತಡವರಿಸದೆ ಹೇಳುವ ಹುಡುಗನ ಮಾತಿಗೆ ಫೈಲಿನಲ್ಲಿರುವ ಕಾಗದಕ್ಕಿಂತ ಹೆಚ್ಚು ತೂಕ. ಆ ಫೈಲನ್ನು ಅಧಿಕಾರಿ ಎಷ್ಟೋ ಸಲ ತೆರೆದೂ ನೋಡುವುದಿಲ್ಲ.

ಎಂಬಿಬಿಎಸ್‌ಗೆ ಹೊರಡುವವರ ಕಥೆಯೇ ಬೇರೆ, ಅಲ್ಲಿ ವೀಸಾ ಸುಲಭ, ವಾಪಸ್ ಬಂದ ಮೇಲೆ ಕಷ್ಟ. ನೀಟ್ ಅರ್ಹತೆ, 54 ತಿಂಗಳ ಕೋರ್ಸು, 12 ತಿಂಗಳ ಇಂಟರ್ನ್‌ಶಿಪ್, ಇಂಗ್ಲಿಷ್ ಮಾಧ್ಯಮ ಎಂಬ 2021ರ ವೈದ್ಯಕೀಯ ಆಯೋಗದ ನಿಯಮವನ್ನು ಓದದೆ ಯಾರೂ ದುಡ್ಡು ಕಟ್ಟಬಾರದು. ಹಾವೇರಿ ಜಿಲ್ಲೆಯ ಚಳಗೇರಿಯ ವಿದ್ಯಾರ್ಥಿ 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ ಮೇಲೆ, ಯಾವ ದೇಶಕ್ಕೆ ಕಳಿಸುತ್ತಿದ್ದೇವೆ ಎಂದು ಕೇಳುವ ಅಪ್ಪ ಅಮ್ಮಂದಿರು ಹೆಚ್ಚಿದ್ದಾರೆ.

ಕೊನೆಗೆ ಉಳಿಯುವುದು ಕಾಲದ ಲೆಕ್ಕ. ಮಗಳು ಎಂಜಿನಿಯರಿಂಗ್ ಎರಡನೆಯ ವರ್ಷದಲ್ಲಿರುವಾಗ ಪೌತಿ ಖಾತೆ, ಪಾಲಿನ ಮಾತು. ತೀರಿದ ಸಾಲದ ಋಣವನ್ನು ಪಹಣಿಯಿಂದ ತೆಗೆಸುವುದು. ಅದೇ ವರ್ಷ ಜುಲೈ 31ರೊಳಗೆ ಮೊದಲ ರಿಟರ್ನ್, ಮರುವರ್ಷ ಎರಡನೆಯದು. ಮೂರನೆಯ ವರ್ಷ ಪಾಸ್‌ಪೋರ್ಟ್, ಮನೆಯ ಇ-ಸ್ವತ್ತು. ಜರ್ಮನಿಯಾದರೆ 2022ರ ನವೆಂಬರ್‌ನಿಂದ ಎಪಿಎಸ್ ಪ್ರಮಾಣಪತ್ರ ಕಡ್ಡಾಯ, 18 ಸಾವಿರ ರೂಪಾಯಿ ಶುಲ್ಕ, ಅದಕ್ಕೆ ಕೊನೆಯ ಸೆಮಿಸ್ಟರ್‌ನಲ್ಲೇ ಅರ್ಜಿ. ಬ್ರಿಟನ್ನಾದರೆ ಬೆಂಗಳೂರಿನಲ್ಲಿ ಕ್ಷಯರೋಗದ ಪರೀಕ್ಷೆ, ಅದರ ಪತ್ರ ಆರು ತಿಂಗಳು ಮಾತ್ರ ನಡೆಯುತ್ತದೆ, ತೀರಾ ಮುಂಚೆ ಮಾಡಿಸಿದರೆ ವ್ಯರ್ಥ. ಕೋರ್ಸ್ ಶುರುವಾಗುವ ಆರು ತಿಂಗಳ ಮೊದಲಿನಿಂದ ವೀಸಾ ಅರ್ಜಿ ಹಾಕಬಹುದು. 28 ದಿನದ ಲೆಕ್ಕ ಮುಗಿಸಿಕೊಂಡು ಜೂನ್ ಕೊನೆಗೆ ಅರ್ಜಿ ಹೋದರೆ ಸೆಪ್ಟೆಂಬರ್‌ಗೆ ನೆಮ್ಮದಿ. ಕಬ್ಬಿನ ಬಿಲ್ಲು ಆಗಸ್ಟ್ ಹೊತ್ತಿಗೆ ಬಂದುಬಿಡುತ್ತದೆ ಎಂದು ಕಾರ್ಖಾನೆಯವರನ್ನು ನಂಬಿ ಸೀಟು ಹಿಡಿದವರು, ಬಿಲ್ಲು ಬಾರದೆ ಹೋದರೆ ಸಾಲಸೋಲ ಮಾಡಿ ಅರ್ಜಿ ತುರುಕುವುದಕ್ಕಿಂತ ವಿಶ್ವವಿದ್ಯಾಲಯಕ್ಕೆ ಒಂದು ಇ-ಮೇಲ್ ಬರೆದು ಜನವರಿ ಇನ್‌ಟೇಕ್‌ಗೆ ಮುಂದೂಡಿಸಿಕೊಳ್ಳಬಹುದೇ ಎಂದು ಕೇಳುವುದು ವಾಸಿ. ಕಟ್ಟಿದ ಡಿಪಾಸಿಟ್ ಮುಂದಕ್ಕೆ ಹೋಗುತ್ತದೆಯೇ ಎಂಬುದನ್ನು ಅದೇ ಪತ್ರದಲ್ಲಿ ಕೇಳಿ ಲಿಖಿತ ಉತ್ತರ ಪಡೆಯಬೇಕು. ಪ್ರವೇಶ ದೃಢೀಕರಣದ ಸಿಎಎಸ್ ನಂಬರ್ ಮಾತ್ರ ಹೊಸದಾಗಿಯೇ ಬರಬೇಕು.